ಹಸಿದವರ ಹತ್ತಿರ ಪ್ರಶ್ನೆ ಕೇಳಬಾರದು

ಕಳೆದ ತಿಂಗಳು ಪುಣೆಯಿಂದ ಓದುಗರೊಬ್ಬರು ಪತ್ರ ಬರೆದಿದ್ದರು. ಮಗನ ಓದು ಮುಗಿದು ವರ್ಷವಾಗಿದೆ, ಹನ್ನೊಂದು ಕಡೆ ಇಂಟರ್‌ವ್ಯೂ ಕೊಟ್ಟಿದ್ದಾನೆ, ಪ್ರತಿ ಸಲವೂ ಚೆನ್ನಾಗಿ ಆಯ್ತು ಅಂತಲೇ ಮನೆಗೆ ಬರುತ್ತಾನೆ, ಆಮೇಲೆ ಆ ಕಡೆಯಿಂದ ಸುದ್ದಿಯೇ ಇರುವುದಿಲ್ಲ. ನೀವು ಮೇಜಿನ ಆಚೆ ಬದಿ ಕೂತವರು, ಅಲ್ಲಿ ಕೂತವರು ನಮ್ಮ ಮಕ್ಕಳಲ್ಲಿ ಏನು ನೋಡುತ್ತಾರೆ, ಅದನ್ನು ಒಮ್ಮೆ ಅಂಕಣದಲ್ಲಿ ಬರೆಯಿರಿ ಎಂದು ಕೇಳಿದ್ದರು.

ಪತ್ರ ಓದಿ ಎರಡು ದಿನ ಸುಮ್ಮನಿದ್ದೆ. ಇಪ್ಪತ್ತೆರಡು ವರ್ಷಗಳಿಂದ ಮುಂಬಯಿಯ ಒಂದು ಕಸ್ಟಮ್ಸ್ ಕ್ಲಿಯರಿಂಗ್ ಕಂಪನಿಯಲ್ಲಿ ಇದ್ದೇನೆ. ಹೊಸಬರನ್ನು ಆರಿಸುವ ಕೆಲಸ ಹನ್ನೆರಡು ವರ್ಷಗಳಿಂದ ನನ್ನ ತಲೆಗೆ ಬಿದ್ದಿದೆ. ಇನ್ನೂರಕ್ಕೂ ಹೆಚ್ಚು ಜನರನ್ನು ಎದುರು ಕೂರಿಸಿಕೊಂಡು ಪ್ರಶ್ನೆ ಕೇಳಿದ್ದೇನೆ. ಆದರೂ "ಏನು ನೋಡ್ತೀರಿ?" ಎಂದರೆ ಹೆಮ್ಮೆಯಿಂದ ಹೇಳುವಂಥ ಉತ್ತರ ನನ್ನ ಹತ್ತಿರ ಇರಲಿಲ್ಲ. ಇದ್ದದ್ದು ನಾನೇ ಮಾಡಿದ ಒಂದು ತಪ್ಪಿನ ಕಥೆ. ಅದನ್ನೇ ಹೇಳುತ್ತೇನೆ. ಪುಣೆಯ ಆ ತಂದೆಗೆ ಅದರಲ್ಲಿ ಉತ್ತರ ಸಿಕ್ಕರೆ ಸಂತೋಷ.

*

ಮೂರು ವರ್ಷದ ಹಿಂದೆ ನಮ್ಮ ಡಾಕ್ಯುಮೆಂಟೇಶನ್ ವಿಭಾಗದಲ್ಲಿ ಒಂದು ಜಾಗ ಖಾಲಿಯಾಯಿತು. ಹೊರದೇಶದಿಂದ ಬರುವ ಸರಕಿನ ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್ ಎಲ್ಲ ನೋಡಿ ಕಸ್ಟಮ್ಸ್‌ಗೆ ಸಲ್ಲಿಸುವ ಬಿಲ್ ಆಫ್ ಎಂಟ್ರಿಯನ್ನು ತಯಾರು ಮಾಡುವ ಕೆಲಸ. ನೋಡಲು ಗುಮಾಸ್ತಿಕೆ. ಆದರೆ ಒಂದು ಅಂಕಿ ಆಚೀಚೆ ಆದರೂ ಸರಕು ಬಂದರಿನಲ್ಲೇ ಕೂರುತ್ತದೆ, ಕೂತಷ್ಟು ದಿನ ಟ್ಯಾಕ್ಸಿ ಮೀಟರಿನ ಹಾಗೆ ಬಾಡಿಗೆ ಓಡುತ್ತದೆ.

ಕೊನೆಗೆ ಇಬ್ಬರು ಉಳಿದರು. ಒಬ್ಬಳು ಕಲ್ಯಾಣದ ಮರಾಠಿ ಹೆಣ್ಣುಮಗಳು, ಎರಡು ವರ್ಷದ ಅನುಭವ ಇತ್ತು. ಇನ್ನೊಬ್ಬ ವಿಜಯಪುರ ಜಿಲ್ಲೆಯ ಹುಡುಗ. ಬಿ.ಕಾಂ. ಮುಗಿಸಿ ಕಳ್ವಾದ ಚಾಳಿನಲ್ಲಿ ಸೋದರಮಾವನ ಮನೆಯಲ್ಲಿ ಇದ್ದ.

ಆ ಹೆಣ್ಣುಮಗಳಿಗೆ ಡ್ಯೂಟಿ ಡ್ರಾಬ್ಯಾಕ್ ಬಗ್ಗೆ ಏನೋ ಕೇಳಿದೆ. "ಅದು ನನಗೆ ಗೊತ್ತಿಲ್ಲ ಮೇಡಂ, ಅಲ್ಲಿ ನನ್ನ ಕೈಗೆ ಬಂದಿರಲಿಲ್ಲ. ತೋರಿಸಿಕೊಟ್ಟರೆ ಕಲಿಯುತ್ತೇನೆ" ಅಂದಳು. ಆಮೇಲೆ, ನಾವು ಇಂಟರ್‌ವ್ಯೂ ಮಾಡುವವರು ಎಲ್ಲರೂ ಮಾಡುವ ಹಾಗೆ, ಮದುವೆ ಆಗಿದೆಯಾ, ಮಕ್ಕಳು ಎಷ್ಟು ಎಂದು ವಿಚಾರಿಸಿದೆ. ನಾನೇ ಇಬ್ಬರು ಮಕ್ಕಳ ತಾಯಿ. ನನ್ನನ್ನು ಇದೇ ಪ್ರಶ್ನೆ ಕೇಳಿದಾಗ ಮೈ ಉರಿದಿತ್ತು. ಆ ಕಡೆಯಿಂದ ಈ ಕಡೆಯ ಕುರ್ಚಿಗೆ ಬಂದ ಮೇಲೆ ಅದೆಲ್ಲ ಮರೆತುಹೋಗುತ್ತದೆ. ಕೊನೆಗೆ ನೀವೇನಾದರೂ ಕೇಳುವುದಿದೆಯೇ ಎಂದಾಗ ಅವಳು ಕೇಳಿದಳು: "ಸಂಜೆ ಆರೂವರೆಗೆ ಹೊರಡಬಹುದಾ? ತಡವಾಗುವ ದಿನಗಳನ್ನು ಮೊದಲೇ ತಿಳಿಸ್ತೀರಾ? ಅತ್ತೆಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್ ಇದೆ." ನಾನು ಹಾಳೆಯಲ್ಲಿ ಬರೆದೆ: ಕೆಲಸದ ಮೇಲೆ ಆಸಕ್ತಿ ಕಡಿಮೆ.

ಹುಡುಗ ಬಂದ. ಅವನ ಅರ್ಜಿಯಲ್ಲಿ ಊರಿನ ಹೆಸರು ನೋಡಿ ನಾನೇ ಕನ್ನಡದಲ್ಲಿ ಮಾತಾಡಿಸಿದೆ. ಪರಸ್ಥಳದಲ್ಲಿ ನಮ್ಮ ಮಾತು ಕೇಳಿದರೆ ಏನಾಗುತ್ತದೆ ಎಂದು ನಿಮಗೆ ಗೊತ್ತು. ಅರ್ಧ ನೇಮಕಾತಿ ಅಲ್ಲೇ ಆಗಿಹೋಯಿತು. ಎಕ್ಸೆಲ್ ಬರುತ್ತಾ? ಬರ್ತೈತ್ರೀ. ರಾತ್ರಿ ಒಂಬತ್ತಾದರೂ ಕೂರ್ತೀಯಾ? ಕೂಡ್ತೀನ್ರೀ. ಭಾನುವಾರ ಕರೆದರೆ? ಬರ್ತೀನ್ರೀ. ನಮ್ಮಲ್ಲಿ ಒಂದು ತಪ್ಪೂ ನಡೆಯಲ್ಲ, ಆಗುತ್ತಾ ನಿನ್ನಿಂದ? ಆಗ್ತೈತ್ರೀ ಮೇಡಂ. ಸಂಬಳ ಇಷ್ಟೇ, ಪರವಾಗಿಲ್ಲವಾ? ನಡೀತೈತ್ರೀ.

ಒಂದು ಗಂಟೆಯಲ್ಲಿ ಅವನು ಒಂದು ಸಲವೂ 'ಇಲ್ಲ' ಎಂದಿರಲಿಲ್ಲ. ನಾನು ಹಾಳೆಯಲ್ಲಿ ಬರೆದೆ: ಒಳ್ಳೆಯ ಮನೋಭಾವ.

*

ಹುಡುಗ ಕೆಲಸದಲ್ಲಿ ಚುರುಕೇ ಇದ್ದ. ನಾಲ್ಕನೆಯ ತಿಂಗಳು ಒಂದು ಗುರುವಾರ, ಒಂದೇ ಪಾರ್ಟಿಯ ಎರಡು ಇನ್‌ವಾಯ್ಸ್ ಒಂದೇ ಫೈಲಿನಲ್ಲಿ ಇದ್ದವು. ಒಂದರ ವಿವರವನ್ನು ಇನ್ನೊಂದಕ್ಕೆ ಹಾಕಿ ಸಲ್ಲಿಸಿಬಿಟ್ಟ. ಅವತ್ತು ಸಂಜೆಯೇ ಅವನಿಗೆ ತಪ್ಪು ಗೊತ್ತಾಯಿತು. ಆಗಲೇ ಹೇಳಿದ್ದರೆ ಮರುದಿನ ತಿದ್ದುಪಡಿಗೆ ಅರ್ಜಿ ಹಾಕಿ ಮುಗಿಸಬಹುದಿತ್ತು. ಅವನು ಹೇಳಲಿಲ್ಲ. ಶುಕ್ರವಾರ ಹೋಯಿತು, ಶನಿವಾರ, ಭಾನುವಾರ ಹೋದವು. ಸೋಮವಾರ ಪಾರ್ಟಿಯವರೇ ಫೋನ್ ಮಾಡಿ ನಮ್ಮ ಮಾಲು ಎಲ್ಲಿ ಎಂದು ಕೂಗಾಡಿದಾಗ ವಿಷಯ ಹೊರಗೆ ಬಂತು. ಕಂಟೇನರ್ ನ್ಹಾವಾ ಶೇವಾದಲ್ಲಿ ಕೂತಿತ್ತು. ಬಂದರಿನ ಬಾಡಿಗೆ, ಹಡಗು ಕಂಪನಿಯ ಕಂಟೇನರ್ ಬಾಡಿಗೆ ಎಲ್ಲ ಸೇರಿ ಅವನ ಎರಡು ತಿಂಗಳ ಸಂಬಳಕ್ಕೂ ಹೆಚ್ಚು ಆಗಿತ್ತು.

ಕ್ಯಾಬಿನ್ನಿಗೆ ಕರೆದೆ. ಸಿಟ್ಟಿನಲ್ಲಿ ಕೈ ನಡುಗುತ್ತಿತ್ತು. "ತಪ್ಪು ಯಾರೂ ಮಾಡ್ತಾರೆ. ನಾಲ್ಕು ದಿನ ಯಾಕೆ ಮುಚ್ಚಿಟ್ಟೆ?" ಎಂದು ಕೇಳಿದೆ.

ಅವನು ನೆಲ ನೋಡುತ್ತ ನಿಂತ. "ಹೇಳಾಕ ಅಂಜಿಕಿ ಆತ್ರೀ ಮೇಡಂ. ಮೊದಲನೇ ದಿನಾನ ನೀವು ಕೇಳಿದ್ರಿ, ಇಲ್ಲಿ ಒಂದು ತಪ್ಪೂ ನಡಿಯೂದಿಲ್ಲ, ಆಗ್ತದೇನು ಅಂತ. ಆಗ್ತೈತಿ ಅಂತ ಹೇಳಿ ಕೆಲಸಕ್ಕ ಬಂದೀನ್ರೀ."

ನನಗೆ ಮಾತು ಹೊರಡಲಿಲ್ಲ. ತಪ್ಪು ಯಾರೂ ಮಾಡುತ್ತಾರೆ ಎಂದು ಆಗತಾನೇ ಹೇಳಿದವಳು ನಾನೇ. ತಪ್ಪು ನಡೆಯಲ್ಲ ಎಂದು ನಾಲ್ಕು ತಿಂಗಳ ಹಿಂದೆ ಹೇಳಿಸಿಕೊಂಡವಳೂ ನಾನೇ. ಸುಳ್ಳು ಹೇಳಿದರೆ ಮಾತ್ರ ಒಳಗೆ ಬರಬಹುದಾದಂಥ ಬಾಗಿಲನ್ನು ಇಟ್ಟು, ಒಳಗೆ ಬಂದವನಿಂದ ಸತ್ಯ ಬಯಸಿದ್ದೆ.

ಮಾಲೀಕರು ಒಂದೇ ಮಾತು ಹೇಳಿದರು: ಸಂಬಳದಿಂದ ಕಂತಿನಲ್ಲಿ ಮುರಿದುಕೊಳ್ಳಿ, ಇಲ್ಲವಾದರೆ ಮನೆಗೆ ಕಳಿಸಿ. ನಾಳೆ ಹೇಳುತ್ತೇನೆ ಎಂದು ಬಂದೆ.

*

ಆ ರಾತ್ರಿ ಡೊಂಬಿವಲಿಯ ಮನೆಯಲ್ಲಿ ಅಪ್ಪನಿಗೆ ಗಂಜಿ ಬಡಿಸುತ್ತ ಇದನ್ನೆಲ್ಲ ಹೇಳಿದೆ. ಅಪ್ಪನಿಗೆ ಆಗ ಎಂಬತ್ತನಾಲ್ಕು. ಕುಂದಾಪುರದ ಕಡೆಯಿಂದ ಹದಿನಾಲ್ಕನೆಯ ವಯಸ್ಸಿಗೆ ಮುಂಬಯಿಗೆ ಬಂದವರು. ಮಾಟುಂಗಾದ ಒಂದು ಹೊಟೇಲಿನಲ್ಲಿ ಟೇಬಲ್ ಒರೆಸಿ, ಸಪ್ಲೈಯರ್ ಆಗಿ, ರಾತ್ರಿ ಶಾಲೆಯಲ್ಲಿ ಓದಿ, ಕೊನೆಗೆ ಅದೇ ಹೊಟೇಲಿನ ಗಲ್ಲಾದಲ್ಲಿ ಕೂತವರು. ಮಾಲೀಕರು ಬೇರೆಯವರು, ಹುಡುಗರನ್ನು ಇಟ್ಟುಕೊಳ್ಳುವುದು, ಬಿಡುವುದು ಅಪ್ಪನ ಕೆಲಸ.

ಕೊಂಕಣ ರೈಲು ಪೂರ್ತಿ ಓಡಲು ಶುರುವಾದದ್ದು 1998ರಲ್ಲಿ. ಅದಕ್ಕೆ ಮುಂಚೆ ಊರಿನ ಹುಡುಗರು ಘಟ್ಟದ ತಿರುವುಗಳಲ್ಲಿ ಕಾರುತ್ತ ಬಸ್ಸಿನಲ್ಲೇ ಬರುತ್ತಿದ್ದರು. ಒಂದು ಟ್ರಂಕು, ಯಾರೋ ಬರೆದುಕೊಟ್ಟ ಒಂದು ಚೀಟಿ. ನೇರ ಹೊಟೇಲಿನ ಹಿಂಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಸಣ್ಣವಳಿದ್ದಾಗ ರಜೆಯಲ್ಲಿ ನಾನು ಗಲ್ಲಾದ ಪಕ್ಕದ ಸ್ಟೂಲಿನಲ್ಲಿ ಕೂತು ಇದನ್ನೆಲ್ಲ ನೋಡಿದ್ದೇನೆ. ಅಪ್ಪ ಚೀಟಿ ಓದುವ ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ. "ಎಂತ ಮಾಣಿ, ಊಟ ಆಯ್ತಾ?" ಎಲ್ಲ ಹುಡುಗರೂ ಆಯ್ತು ಎನ್ನುತ್ತಿದ್ದರು. ಅಪ್ಪ ಅದನ್ನು ಕಿವಿಗೇ ಹಾಕಿಕೊಳ್ಳದೆ ಒಳಗೆ ಕೂಗಿ ಬಾಳೆಲೆ ಹಾಕಿಸುತ್ತಿದ್ದರು. ಊಟ, ಆಮೇಲೆ ನಿದ್ದೆ. ಕೆಲಸದ ಮಾತು ಮರುದಿನ ಬೆಳಗ್ಗೆ.

ಅದು ಅಪ್ಪನ ಗುಟ್ಟಿನ ಪರೀಕ್ಷೆ ಎಂದೇ ನಾನು ನಂಬಿದ್ದೆ. ಅನ್ನ ಚೆಲ್ಲುತ್ತಾನಾ, ಎಲೆ ಮಡಚುತ್ತಾನಾ, ಬಡಿಸಿದವನನ್ನು ಹೇಗೆ ಮಾತಾಡಿಸುತ್ತಾನೆ ಎಂದು ನೋಡುತ್ತಾರೆ ಅಂತ. ಆಫೀಸಿನಲ್ಲಿ ಹೊಸಬರಿಗೆ ಈ ಕಥೆ ಹೇಳಿ ಮೆಚ್ಚುಗೆಯನ್ನೂ ಪಡೆದಿದ್ದೇನೆ. ಆ ರಾತ್ರಿ ಅಪ್ಪನನ್ನೇ ಕೇಳಿದೆ: "ಊಟ ಮಾಡುವಾಗ ನೀವು ಅವರಲ್ಲಿ ಏನು ನೋಡ್ತಿದ್ರಿ?"

ಅಪ್ಪ ನನ್ನ ಮುಖವನ್ನೇ ನೋಡಿದರು. "ಊಟ ಮಾಡುವವರನ್ನು ಯಾರಾದ್ರೂ ನೋಡ್ತಾರಾ? ನಾನೆಂತದೂ ನೋಡ್ಲಿಲ್ಲ."

"ಮತ್ತೆ ಮೊದಲು ಊಟ ಯಾಕೆ?"

"ಹಸಿದವರ ಹತ್ರ ಪ್ರಶ್ನೆ ಕೇಳಬಾರದು. ಹಸಿದವರು ಎಲ್ಲದಕ್ಕೂ ಹೌದು ಅಂತಾರೆ."

ಅಷ್ಟು ಹೇಳಿ ಉಪ್ಪಿನಕಾಯಿ ಕೇಳಿದರು.

*

ಆ ಕಾಲದ ಹೊಟೇಲುಗಳನ್ನು ನಾನು ಚಂದ ಮಾಡಿ ಹೇಳಲಾರೆ. ಶಾಲೆಯಲ್ಲಿ ಇರಬೇಕಾದ ವಯಸ್ಸಿನ ಮಕ್ಕಳು ನಸುಕಿನಿಂದ ನಡುರಾತ್ರಿಯವರೆಗೆ ದುಡಿಯುತ್ತಿದ್ದರು, ಟೇಬಲ್ಲುಗಳ ನಡುವೆಯೇ ಚಾಪೆ ಹಾಸಿ ಮಲಗುತ್ತಿದ್ದರು. ಇಂದು ಹದಿನಾಲ್ಕರ ಒಳಗಿನವರನ್ನು ದುಡಿಸಿದರೆ ಅಪರಾಧ, ಅದು ಹಾಗೆಯೇ ಇರಬೇಕು. ಆದರೆ ಅಂಥ ಜಾಗದಲ್ಲೂ ಅಪ್ಪನಿಗೆ ತಿಳಿದದ್ದು ನನ್ನ ಎಸಿ ಕ್ಯಾಬಿನ್ನಿನಲ್ಲಿ ನನಗೆ ತಿಳಿದಿರಲಿಲ್ಲ. ಅದಕ್ಕೆ ಇನ್ನೊಂದು ಸಾಕ್ಷಿಯನ್ನೂ ಅಪ್ಪ ಅವತ್ತೇ ಹೇಳಿದರು.

ಎಪ್ಪತ್ತರ ದಶಕದಲ್ಲಿ ಅವರ ಹೊಟೇಲಿನಲ್ಲಿ ಒಂದು ಗಾಜಿನ ಗ್ಲಾಸು ಒಡೆದರೆ ಹುಡುಗನ ಸಂಬಳದಿಂದ ಎಂಟಾಣೆ ಮುರಿಯುತ್ತಿದ್ದರು. ಪುಸ್ತಕದಲ್ಲಿ ತಿಂಗಳಿಗೆ ಎಂಟೋ ಒಂಬತ್ತೋ ಗ್ಲಾಸು ಬರೆದಿರುತ್ತಿತ್ತು. ಒಂದು ರಾತ್ರಿ ಕಸದ ಡಬ್ಬ ಎತ್ತಿದ ಹುಡುಗನೊಬ್ಬನ ಅಂಗೈ ಸೀಳಿಹೋಯಿತು. ಡಬ್ಬ ಸುರಿದು ನೋಡಿದರೆ ಬಟಾಟೆ ಸಿಪ್ಪೆಯ ಅಡಿಯಲ್ಲಿ ನಾಲ್ಕಾರು ಗ್ಲಾಸಿನ ಚೂರು. ಎಂಟಾಣೆ ಉಳಿಸಲಿಕ್ಕೆ ಹುಡುಗರು ಮುಚ್ಚಿಟ್ಟಿದ್ದರು.

ಅಪ್ಪ ಮಾಲೀಕರ ಕಾಲು ಹಿಡಿದು ಒಂದು ತಿಂಗಳ ಮಟ್ಟಿಗೆ ಮುರಿಯುವುದನ್ನು ನಿಲ್ಲಿಸಿದರು. ಆ ತಿಂಗಳು ಪುಸ್ತಕದಲ್ಲಿ ಮೂವತ್ತಕ್ಕೂ ಹೆಚ್ಚು ಗ್ಲಾಸು ಬಂತು. "ನೋಡು, ಹುಡುಗರಿಗೆ ಸದರ ಆಯ್ತು" ಎಂದು ಮಾಲೀಕರು ಹಾರಾಡಿದರು. ಅಪ್ಪ ಹೇಳಿದ್ದು ಇಷ್ಟು: "ಒಡೆಯುವುದು ಹೆಚ್ಚಾಗಲಿಲ್ಲ ಧಣಿ, ಹೇಳುವುದು ಹೆಚ್ಚಾಯ್ತು."

ಹೇಳಲು ಶುರು ಮಾಡಿದ ಮೇಲೆ ಇನ್ನೊಂದು ವಿಷಯ ಗೊತ್ತಾಯಿತು. ಹೆಚ್ಚಿನ ಗ್ಲಾಸು ಒಡೆಯುತ್ತಿದ್ದದ್ದು ಒಂದೇ ಜಾಗದಲ್ಲಿ. ತೊಳೆಯುವ ಮೋರಿಯಿಂದ ಹಾಲ್‌ಗೆ ಬರುವ ಮೆಟ್ಟಿಲು, ಮಧ್ಯಾಹ್ನದ ಗದ್ದಲದಲ್ಲಿ ಸದಾ ಒದ್ದೆ. ಅಲ್ಲೊಂದು ಗೋಣಿ ಹಾಸಿದರು. ಗ್ಲಾಸು ಒಡೆಯುವುದು ತಾನಾಗಿಯೇ ಇಳಿಯಿತು. ವರ್ಷಗಟ್ಟಲೆ ಎಂಟಾಣೆ ಮುರಿದುಕೊಂಡವರಿಗೆ ಆ ಮೆಟ್ಟಿಲು ಕಂಡಿರಲಿಲ್ಲ.

ಈ ಕಥೆ ಕೇಳಿದ ಮೇಲೆ ನಾನು ಓದಿದ್ದ ಒಂದು ಅಧ್ಯಯನ ನೆನಪಾಯಿತು. ಅಮೆರಿಕದ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳ ಬಗ್ಗೆ ಅಧ್ಯಯನ ಮಾಡುತ್ತಿದ್ದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರಬೇಕು ಎಂಬುದು ಅವರ ಎಣಿಕೆ. ಅಂಕಿ ಬಂದಾಗ ಉಲ್ಟಾ ಆಗಿತ್ತು, ಒಳ್ಳೆಯ ತಂಡಗಳ ಲೆಕ್ಕದಲ್ಲೇ ಹೆಚ್ಚು ತಪ್ಪು. ವಿಚಾರಿಸುತ್ತ ಹೋದಾಗ ತಿಳಿದದ್ದು, ಆ ತಂಡಗಳವರು ತಪ್ಪನ್ನು ಮುಚ್ಚಿಡದೆ ಹೇಳುತ್ತಿದ್ದರು. 1999ರಲ್ಲಿ ಅವರು ಪ್ರಕಟಿಸಿದ ಪ್ರಬಂಧದಿಂದ ಈ ವಿಚಾರ ಜಗತ್ತಿನ ಕಂಪನಿಗಳಿಗೆಲ್ಲ ಹಬ್ಬಿತು. ನಮ್ಮ ಅಪ್ಪ ಅದನ್ನು ಗ್ಲಾಸಿನ ಲೆಕ್ಕದ ಪುಸ್ತಕದಲ್ಲಿ ಕಂಡುಕೊಂಡಿದ್ದರು.

*

ಮರುದಿನ ಮಾಲೀಕರ ಎದುರು ಕೂತು, ಆ ಹುಡುಗನ ಸಂಬಳ ಮುರಿಯುವುದಾದರೆ ನನ್ನದನ್ನೂ ಮುರಿಯಿರಿ ಎಂದೆ. ಧೈರ್ಯದ ಮಾತಲ್ಲ ಅದು, ಲೆಕ್ಕದ ಮಾತು. ಮೊದಲ ದಿನದ ತಪ್ಪು ಅವನದು, ಮುಂದಿನ ಮೂರು ದಿನದ ಬಾಡಿಗೆ ನನ್ನದು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಇದೊಂದು ಸಲ ಎಂದರು. ಹುಡುಗ ಉಳಿದ, ಸಂಬಳವೂ ಉಳಿಯಿತು.

ಅಂದಿನಿಂದ ನಮ್ಮ ವಿಭಾಗದಲ್ಲಿ ಒಂದು ತಪ್ಪಿನ ಪುಸ್ತಕ ಇದೆ. ಯಾರು ಬೇಕಾದರೂ ಬರೆಯಬಹುದು, ಬರೆದವರಿಗೆ ಬೈಗುಳವಿಲ್ಲ. ಮೊದಲ ಪುಟದಲ್ಲಿ ಇರುವುದು ನನ್ನ ಹೆಸರು. ಇಂಟರ್‌ವ್ಯೂನಲ್ಲಿ ಏನು ಕೇಳಿದೆ ಎಂದು ನಾನೇ ಬರೆದಿದ್ದೇನೆ. ಪುಸ್ತಕ ತುಂಬುತ್ತ ಬಂದಂತೆ ನಮಗೂ ನಮ್ಮ ಒದ್ದೆ ಮೆಟ್ಟಿಲು ಕಂಡಿತು. ಒಂದೇ ಪಾರ್ಟಿಯ ಎರಡು ಇನ್‌ವಾಯ್ಸ್ ಒಂದು ಫೈಲಿನಲ್ಲಿ ಇದ್ದಾಗಲೇ ಹೆಚ್ಚಿನ ಎಡವಟ್ಟು. ಈಗ ಅಂಥ ಫೈಲಿಗೆ ಕೆಂಪು ಕವರು, ಇಬ್ಬರ ಕಣ್ಣು. ಅಷ್ಟೇ ನಮ್ಮ ಗೋಣಿಚೀಲ.

ಇಂಟರ್‌ವ್ಯೂ ಮಾಡುವ ರೀತಿಯನ್ನೂ ಬದಲಿಸಿದೆ. ನಿಮ್ಮಲ್ಲಿ ಅನೇಕರು ಈಗ ಮೇಜಿನ ಆ ಕಡೆ ಕೂರುವವರು, ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಬಂದವರಿಗೆ ಮೊದಲು ನೀರು, ಚಹಾ. ಲೋಕಲ್‌ನಲ್ಲಿ ನಿಂತು ಬಂದವರು ಉಸಿರು ಬಿಡಲಿ. ಆಮೇಲೆ ಇಂದು ಏನೇನು ಕೇಳುತ್ತೇವೆ, ಎಷ್ಟು ಹೊತ್ತು, ಉತ್ತರ ಯಾವಾಗ ತಿಳಿಸುತ್ತೇವೆ ಎಂದು ಹೇಳಿಬಿಡುತ್ತೇನೆ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅಂದರೆ ಅಂಕ ಕಡಿಮೆಯಾಗದು ಎಂಬುದನ್ನೂ ಬಾಯಿಬಿಟ್ಟೇ ಹೇಳುತ್ತೇನೆ. ಇಷ್ಟಕ್ಕೇ ಎದುರಿಗಿರುವವರ ಹೆಗಲು ಇಳಿಯುವುದು ಕಾಣುತ್ತದೆ.

ಎರಡನೆಯದಾಗಿ, ಕೆಲಸದ ಕಷ್ಟವನ್ನು ನಾವೇ ಮೊದಲು ಹೇಳುವುದು. ಮಾರ್ಚ್ ಕೊನೆಯಲ್ಲಿ ತಡವಾಗುತ್ತದೆ, ಪಾರ್ಟಿಯವರು ಕೂಗಾಡುತ್ತಾರೆ, ಸಂಬಳ ಇಷ್ಟರಿಂದ ಇಷ್ಟರವರೆಗೆ. ತಡವಾಗಿ ಕೂರ್ತೀಯಾ ಎಂದು ಕೇಳಿದರೆ ಬರುವ ಉತ್ತರ ಒಂದೇ. ಇಂಥ ದಿನ ಇಷ್ಟು ತಡವಾಗುತ್ತದೆ, ನಿಮಗೆ ಯಾವುದು ಕಷ್ಟ ಎಂದು ಕೇಳಿದರೆ ನಿಜ ಹೊರಗೆ ಬರುತ್ತದೆ. ಬಂದ ನಿಜವನ್ನು ಅವರ ವಿರುದ್ಧ ಬರೆದುಕೊಳ್ಳಬಾರದು, ಅದು ಮುಖ್ಯ.

ಮೂರನೆಯದು, ಮಾತಿಗಿಂತ ಕೆಲಸ ನೋಡುವುದು. ನಾಲ್ಕು ಹಾಳೆ ಕೊಡುತ್ತೇನೆ: ಒಂದು ಇನ್‌ವಾಯ್ಸ್, ಒಂದು ಪ್ಯಾಕಿಂಗ್ ಲಿಸ್ಟ್, ಅರ್ಧ ತುಂಬಿದ ಎರಡು ಫಾರ್ಮು. ಅದರಲ್ಲಿ ಮೂರು ತಪ್ಪು ಇವೆ ಎಂದು ಮೊದಲೇ ಹೇಳಿ ಅರ್ಧ ಗಂಟೆ ಬಿಡುತ್ತೇನೆ. ಗುಟ್ಟಿನ ಪರೀಕ್ಷೆ ಯಾವುದೂ ಇಲ್ಲ. ಎಲ್ಲರಿಗೂ ಅದೇ ಹಾಳೆ, ಅವೇ ಆರು ಪ್ರಶ್ನೆ. ಜೊತೆಗೆ ಕೂತವರು ಮತ್ತು ನಾನು ಪರಸ್ಪರ ಮಾತಾಡುವ ಮೊದಲೇ ನಮ್ಮ ನಮ್ಮ ಅಂಕ ಬರೆದಿಡುತ್ತೇವೆ. ಇದು ನನ್ನ ಸ್ವಂತ ಬುದ್ಧಿಯಲ್ಲ. 1998ರಲ್ಲಿ ಫ್ರಾಂಕ್ ಸ್ಮಿಟ್ ಮತ್ತು ಜಾನ್ ಹಂಟರ್ ಎಂಬ ಮನೋವಿಜ್ಞಾನಿಗಳು 85 ವರ್ಷಗಳ ಸಂಶೋಧನೆಗಳನ್ನು ಒಟ್ಟುಗೂಡಿಸಿ ನೋಡಿದಾಗ, ಬಾಯಿಗೆ ಬಂದದ್ದು ಕೇಳುವ ಸಂದರ್ಶನಕ್ಕಿಂತ, ಎಲ್ಲರಿಗೂ ಒಂದೇ ಕ್ರಮದಲ್ಲಿ ಪ್ರಶ್ನೆ ಕೇಳುವುದು ಮತ್ತು ಕೆಲಸದ ತುಣುಕನ್ನೇ ಮಾಡಿಸಿ ನೋಡುವುದು ಹೆಚ್ಚು ನಂಬಬಹುದಾದದ್ದು ಎಂದು ಕಂಡಿತು. 2022ರಲ್ಲಿ ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು ಆ ಲೆಕ್ಕವನ್ನು ಮತ್ತೆ ಪರಿಶೀಲಿಸಿ ಅನೇಕ ಅಂಕಿಗಳನ್ನು ಇಳಿಸಿದರು. ಆಗಲೂ ಎಲ್ಲಕ್ಕಿಂತ ಮೇಲೆ ಉಳಿದದ್ದು ಕ್ರಮಬದ್ಧ ಸಂದರ್ಶನವೇ.

ನಾಲ್ಕನೆಯದು, ಕೇಳಬಾರದ ಪ್ರಶ್ನೆಗಳು. ಮದುವೆ, ಮಕ್ಕಳು, ಮುಂದೇನು ಯೋಜನೆ, ಇವು ಯಾವುವೂ ಬೇಡ. 2017ರಿಂದ ಹೆರಿಗೆ ರಜೆ 26 ವಾರ ಆಯಿತು. ಆಮೇಲೆ ಎಷ್ಟೋ ಕಡೆ ಮದುವೆಯ ಪ್ರಶ್ನೆ ನಗುನಗುತ್ತ, ಸುತ್ತಿ ಬಳಸಿ ಬರುತ್ತದೆ. ಎದುರಿನವಳಿಗೆ ಪ್ರಶ್ನೆಯ ಅರ್ಥ ಗೊತ್ತು, ಕೇಳುವವರಿಗೂ ಗೊತ್ತು. ಇನ್ನೊಂದು ನಮ್ಮವರ ಅಭ್ಯಾಸ: "ಯಾವ ಊರು? ಯಾರ ಪೈಕಿ?" ಊರಿನ ಜಗಲಿಯಲ್ಲಿ ಅದು ಉಪಚಾರ ಇರಬಹುದು. ಕೆಲಸ ಕೊಡುವ ಮೇಜಿನಲ್ಲಿ ಅದು ಬೆದರಿಕೆ. 2007ರಲ್ಲಿ ಸುಖದೇವ್ ಥೋರಟ್ ಮತ್ತು ಪಾಲ್ ಅಟೆವೆಲ್ ಪ್ರಕಟಿಸಿದ ಅಧ್ಯಯನವೊಂದಿದೆ. ಪತ್ರಿಕೆಯ ಜಾಹೀರಾತು ನೋಡಿ ನಮ್ಮ ದೇಶದ ಖಾಸಗಿ ಕಂಪನಿಗಳಿಗೆ ಒಂದೇ ಬಗೆಯ ವಿದ್ಯಾರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರಿನಲ್ಲಿ ಕಳಿಸಿದ್ದರು. ದಲಿತ ಅಡ್ಡಹೆಸರು ಇದ್ದ ಅರ್ಜಿಗಳಿಗೂ ಮುಸ್ಲಿಂ ಹೆಸರಿನ ಅರ್ಜಿಗಳಿಗೂ ಮೇಲ್ಜಾತಿ ಹೆಸರಿನವಕ್ಕಿಂತ ಕಡಿಮೆ ಕರೆ ಬಂದವು. ಅರ್ಜಿ ಹಾಕುವವರಿಗೆ ಇದು ಅಧ್ಯಯನ ಓದದೆಯೂ ಗೊತ್ತು. ಆದ್ದರಿಂದಲೇ "ಯಾರ ಪೈಕಿ" ಎಂದೊಡನೆ ಎದುರಿನವರು ಮುದುಡುತ್ತಾರೆ. ಮುದುಡಿದವರಿಂದ ನಮಗೆ ತಿಳಿಯುವುದು ಏನೂ ಇಲ್ಲ.

ಇಲ್ಲಿ ನನ್ನದೇ ಒಂದು ಮಾತು ಒಪ್ಪಿಕೊಳ್ಳಬೇಕು. ಹೊರನಾಡಿನ ನಾವು ನಮ್ಮವರಿಗೆ ಕೈಹಿಡಿದೇ ಮೇಲೆ ಬಂದವರು. ಅಪ್ಪನ ಕೈಯಲ್ಲಿ ಆ ಚೀಟಿ ಇರದಿದ್ದರೆ ನಾನು ಇಲ್ಲಿ ಇರುತ್ತಿರಲಿಲ್ಲ. ಆದರೆ ಅವತ್ತು ಕನ್ನಡ ಕೇಳಿ ಹಿಗ್ಗಿದ ನಾನು ಹುಡುಗನಿಗೂ ಒಳ್ಳೆಯದು ಮಾಡಲಿಲ್ಲ. ಅವನಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ನೋಡಲೇ ಇಲ್ಲ, ಕಲಿಸಲೂ ಇಲ್ಲ. ಆ ಕಡೆ ಕಲ್ಯಾಣದ ಹೆಣ್ಣುಮಗಳಿಗೆ ಬಾಗಿಲು ಮುಚ್ಚಿದೆ. ನಮ್ಮವರು ಬಂದರೆ ಈಗಲೂ ಸಂತೋಷವೇ. ಅರ್ಜಿ ಹೇಗೆ ಬರೆಯಬೇಕು ಎಂದು ರಜೆಯ ದಿನ ಕೂರಿಸಿ ಹೇಳಿಕೊಡುತ್ತೇನೆ. ಆದರೆ ಅವರ ಇಂಟರ್‌ವ್ಯೂಗೆ ನಾನು ಕೂರುವುದಿಲ್ಲ, ಬೇರೆಯವರನ್ನು ಕೂರಿಸುತ್ತೇನೆ.

ಕೊನೆಯದು, ಇಲ್ಲ ಎನ್ನುವುದನ್ನು ಹೇಳುವುದು. ಆಯ್ಕೆಯಾಗದವರಿಗೆ ಒಂದು ವಾರದೊಳಗೆ ಫೋನ್ ಮಾಡಿ, ಇಂಥ ಕಡೆ ಇಷ್ಟು ಸಾಲದಾಯಿತು ಎಂದು ತಿಳಿಸುತ್ತೇವೆ. ಎರಡು ನಿಮಿಷದ ಕೆಲಸ. ಆದರೆ ಆ ಎರಡು ನಿಮಿಷ ಬಹಳ ಭಾರ, ಅದಕ್ಕೇ ಎಲ್ಲರೂ ತಪ್ಪಿಸಿಕೊಳ್ಳುತ್ತಾರೆ. ಪುಣೆಯ ಆ ಹುಡುಗನಿಗೆ ಹನ್ನೊಂದು ಕಡೆಯವರೂ ಈ ಎರಡು ನಿಮಿಷ ಕೊಟ್ಟಿದ್ದರೆ ಅವನು ಇಷ್ಟರೊಳಗೆ ತನ್ನ ಒದ್ದೆ ಮೆಟ್ಟಿಲು ಯಾವುದೆಂದು ಕಂಡುಕೊಳ್ಳುತ್ತಿದ್ದನೋ ಏನೋ.

*

ಕಲ್ಯಾಣದ ಆ ಹೆಣ್ಣುಮಗಳಿಗೂ ಫೋನ್ ಮಾಡಿದೆ, ಆರು ತಿಂಗಳು ತಡವಾಗಿ. ಮದುವೆ-ಮಕ್ಕಳ ಪ್ರಶ್ನೆ ಕೇಳಬಾರದಿತ್ತು, ಹೊರಡುವ ಹೊತ್ತು ಕೇಳಿದ್ದನ್ನು ನಾನು ತಪ್ಪಾಗಿ ತಿಳಿದೆ ಎಂದು ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನಿಮ್ಮ ನಂತರದ ಎರಡು ಇಂಟರ್‌ವ್ಯೂಗಳಲ್ಲಿ ನಾನು ಹೊರಡುವ ಹೊತ್ತು ಕೇಳಲೇ ಇಲ್ಲ ಮೇಡಂ. ಕೆಲಸ ಸಿಕ್ಕಿತು" ಅಂದಳು. ಆ ಮಾತು ಇನ್ನೂ ಚುಚ್ಚುತ್ತಿದೆ. ಸತ್ಯ ಹೇಳಿದರೆ ಕೆಲಸ ಸಿಗುವುದಿಲ್ಲ ಎಂದು ಅವಳಿಗೆ ಪಾಠ ಕಲಿಸಿದ್ದು ನಾನು. ಅತ್ತೆಯ ಡಯಾಲಿಸಿಸ್ ದಿನ ಅಲ್ಲಿ ಏನೆಂದು ಹೇಳಿ ಹೊರಡುತ್ತಾಳೋ, ಕೇಳುವ ಧೈರ್ಯ ನನಗೆ ಆಗಲಿಲ್ಲ.

ಈಗ ಪುಣೆಯ ಪತ್ರಕ್ಕೆ ಉತ್ತರ. ನಿಮ್ಮ ಮಗನಿಗೆ ಇಷ್ಟು ಹೇಳಿ. ಹೋದ ಕಡೆಯಲ್ಲೆಲ್ಲ ತಾನು ಮಾಡಿದ ಒಂದು ಕೆಲಸವನ್ನು ವಿವರವಾಗಿ ಹೇಳಲಿ: ಏನು ತೊಡಕಿತ್ತು, ತಾನೇನು ಮಾಡಿದೆ, ಏನಾಯಿತು, ಎಲ್ಲಿ ತಪ್ಪಿದೆ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದು ಹೇಳಿ, ಗೊತ್ತು ಮಾಡಿಕೊಳ್ಳಲು ಏನು ಮಾಡುತ್ತೇನೆ ಎಂದೂ ಹೇಳಲಿ. ತಾನೂ ಒಂದೆರಡು ಪ್ರಶ್ನೆ ಕೇಳಲಿ. ಇಲ್ಲಿ ಹೊಸಬರು ತಪ್ಪು ಮಾಡಿದಾಗ ಏನಾಗುತ್ತದೆ ಎಂದು ಮರ್ಯಾದೆಯಿಂದಲೇ ಕೇಳಬಹುದು. ಉತ್ತರ ಹೇಳುವವರ ಮುಖ ನೋಡಿದರೆ ಆ ಕಂಪನಿ ಎಂಥದೆಂದು ಅರ್ಧ ತಿಳಿಯುತ್ತದೆ. ಇದರಿಂದ ಕೆಲಸ ಸಿಕ್ಕೇ ಸಿಗುತ್ತದೆ ಎಂದು ನಾನು ಮಾತು ಕೊಡಲಾರೆ. ಮೇಜಿನ ಆ ಕಡೆ ನನ್ನಂಥವರೇ ಹೆಚ್ಚು ಕೂತಿದ್ದಾರೆ. ನೀವು ಮಾಡಬಹುದಾದ್ದು ಒಂದಿದೆ. ಇಂಟರ್‌ವ್ಯೂನಿಂದ ಬಂದ ದಿನ "ಹೇಗಾಯ್ತು?" ಎಂದು ಬಾಗಿಲಲ್ಲೇ ಕೇಳಬೇಡಿ. ಚೆನ್ನಾಗಿ ಆಯ್ತು ಎನ್ನದೆ ಅವನಿಗೆ ಬೇರೆ ದಾರಿ ಇರುವುದಿಲ್ಲ. ಮೊದಲು ಊಟಕ್ಕೆ ಕೂರಿಸಿ.

ವಿಜಯಪುರದ ಹುಡುಗ ಈಗ ನಮ್ಮಲ್ಲಿ ಮೂವರಿಗೆ ಕಲಿಸುವಷ್ಟು ಬೆಳೆದಿದ್ದಾನೆ. ಹೋದ ಗಣೇಶ ಚೌತಿಗೆ ಮನೆಗೆ ಬಂದಿದ್ದ. ಅಪ್ಪನಿಗೆ ಈಗ ಕಣ್ಣು ಮಂಜು, ಯಾರು ಬಂದದ್ದೆಂದು ಸರಿಯಾಗಿ ಕಾಣುವುದಿಲ್ಲ. ಕುರ್ಚಿಯಲ್ಲಿ ಕೂತಲ್ಲಿಂದಲೇ ಕೇಳಿದರು, "ಯಾರು ಮಾಣಿ? ಊಟ ಆಯ್ತಾ?"

ಅವನು ಚಪ್ಪಲಿ ಬಿಡುತ್ತ ನನ್ನನ್ನೊಮ್ಮೆ ನೋಡಿದ, ಆಮೇಲೆ ನಕ್ಕ.

"ಇಲ್ರೀ ಅಜ್ಜಾರ. ಮುಂಜಾನಿಂದ ಏನೂ ತಿಂದಿಲ್ರೀ."